ಬೀಗರೂಟದೊಳಗೆ ಸೀಡಿ

ಚನ್ನಪಟ್ಟಣದ ಸಾತನೂರು ರಸ್ತೆಯಲ್ಲಿ ದಯಾನಂದನ ಅಂಗಡಿ. ಬೋರ್ಡಿನ ಮೇಲಿನ ಸಾಲು 'ಸ್ಪಂದನಾ ವಿಡಿಯೋ ಮಿಕ್ಸಿಂಗ್'. ಸ್ಪಂದನಾ ಅವನ ಮಗಳು. ಕೆಳಗೆ ಕೆಂಪು ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: 'ಬೀಗರೂಟದೊಳಗೆ ಸೀಡಿ ಗ್ಯಾರಂಟಿ'. ಹೊರಗಿನಿಂದ ಬಂದವರು ಊಟದೊಳಗೆ ಸೀಡಿ ಬಂದರೆ ಹಲ್ಲಿಗೆ ಸಿಕ್ಕುವುದಿಲ್ಲವೇ ಎಂದು ತಮಾಷೆ ಮಾಡುತ್ತಿದ್ದರು. ಈಗ ಆ ಸಾಲಿಲ್ಲ. ಅದರ ಮೇಲೆ ಬಿಳಿ ಬಣ್ಣ ಬಳಿದಾಗಿದೆ. ಅಳಿಸಿದ್ದು ಬೈರಮಂಗಲದ ಕೃಷ್ಣಪ್ಪನವರ ಒಂದು ಮಾತು. ಆ ಮಾತು ಏನೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನಮ್ಮ ಕಡೆ ತಾಳಿ ಕಟ್ಟಿದ ಮಾತ್ರಕ್ಕೆ ಮದುವೆ ಮುಗಿದಂತಲ್ಲ. ಮೂರನೆಯ ದಿನವೋ ಐದನೆಯ ದಿನವೋ ಬೀಗರೂಟ ಆಗಬೇಕು. ಮದುವೆಯ ದಿನ ಪಾಯಸದೆದುರು ಮುಖ ಗಂಟಿಕ್ಕಿಕೊಂಡು ಕೂತವರೆಲ್ಲ ಅಂದು ಮುದ್ದೆ, ಮಾಂಸದ ಸಾರಿನೆದುರು ಸಡಿಲವಾಗುತ್ತಾರೆ. ಆ ಹೊತ್ತಿಗೆ ಶಾಮಿಯಾನದೊಳಗೆ ಟಿವಿ ಇಟ್ಟು ಮದುವೆಯ ಸೀಡಿ ಹಾಕಿಬಿಟ್ಟರೆ ಹೆಣ್ಣಿನ ಕಡೆಯವರ ಮೂಗು ಒಂದಿಂಚು ಮೇಲೇಳುತ್ತದೆ. ಬೇರೆ ಮಿಕ್ಸಿಂಗ್ ಅಂಗಡಿಯವರ ಸೀಡಿ ಕೈಸೇರುವಷ್ಟರಲ್ಲಿ ಮದುಮಗಳು ಹುಣಸೆಕಾಯಿ ಕೇಳುತ್ತಿರುತ್ತಿದ್ದಳು. ದಯಾನಂದ ಮೂರನೆಯ ದಿನಕ್ಕೇ ಕೊಡುತ್ತಿದ್ದ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನುಷ್ಯ. ಬೀಗರೂಟವೇ ಅವನ ಅನ್ನ, ಆದರೆ ಒಂದು ಬೀಗರೂಟದಲ್ಲೂ ಎಲೆ ಹಾಕಿಸಿಕೊಂಡವನಲ್ಲ. ಟಿವಿಗೆ ವೈರು ಸಿಕ್ಕಿಸಿ, ಎರಡು ಬಾಳೆಹಣ್ಣು ತಿಂದು, ಬಸ್ಸು ಹತ್ತುತ್ತಿದ್ದ.

ಮಿಕ್ಸಿಂಗ್ ಎಂದರೆ ಇಷ್ಟೆ. ಕ್ಯಾಮರಾದ ಜಯಕುಮಾರ್ ಟೇಪಿನಲ್ಲಿ ಹಿಡಿದು ತಂದ ಮದುವೆಯನ್ನು ಕಂಪ್ಯೂಟರಿಗೆ ಇಳಿಸುವುದು, ಬೇಡದ್ದನ್ನು ಕತ್ತರಿಸುವುದು, ಮದುವೆಮನೆಯ ಗಲಾಟೆಯ ಸದ್ದನ್ನು ಪೂರ್ತಿ ಅಳಿಸಿ ಸಿನಿಮಾ ಹಾಡು ತುಂಬುವುದು. ಒರಿಜಿನಲ್ ಸದ್ದು ಉಳಿಸಿಕೊಂಡ ಸೀಡಿಯನ್ನು ಆ ಕಾಲಕ್ಕೆ ಯಾರೂ ಕೇಳಿರಲಿಲ್ಲ, ಕೊಟ್ಟಿರಲೂ ಇಲ್ಲ. ಕೊನೆಗೆ ಹೂವು. ಧಾರೆಯ ಹೊತ್ತಿನಲ್ಲಿ ತೆರೆಯ ಮೇಲಿನಿಂದ ಗುಲಾಬಿ ಉದುರಬೇಕು. ಉದುರದಿದ್ದರೆ ಗಿರಾಕಿ ಉದುರುತ್ತಾನೆ. ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಪ್ರತಿ ಚಿತ್ರದಲ್ಲೂ ಪ್ರತಿ ಹೂವನ್ನೂ ಕಂಪ್ಯೂಟರು ಹೊಸದಾಗಿ ಬರೆಯಬೇಕು. ಎರಡು ಸಾವಿರದ ಇಸವಿಯ ಕಂಪ್ಯೂಟರಿಗೆ ಒಂದು ಮದುವೆಯ ಹೂವು ಉದುರಿಸಲು ಎರಡು ದಿನ ಹಿಡಿಯುತ್ತಿತ್ತು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ ಮದುವೆ.

ದಯಾನಂದನ ಗ್ಯಾರಂಟಿಯ ಗುಟ್ಟು ಒಂದು ಪೆನ್ಸಿಲ್ಲಿನಲ್ಲಿತ್ತು.

ಕಂಪ್ಯೂಟರಿನ ಮಿದುಳಾದ ಪ್ರೊಸೆಸರನ್ನು ಊರಿನವರು ಚಿಪ್ಪು ಎನ್ನುತ್ತಿದ್ದರು. ಅದು ಎಷ್ಟು ವೇಗವಾಗಿ ಓಡಬೇಕೆಂದು ಮಾಡಿದವರೇ ಅದರ ಮೇಲೆ ಬರೆದು, ಅದಕ್ಕಿಂತ ಮೇಲೆ ಓಡದಂತೆ ಬೀಗ ಹಾಕಿ ಕಳಿಸುತ್ತಿದ್ದರು. ಬೀಗವೆಂದರೆ ಚಿಪ್ಪಿನ ಬೆನ್ನ ಮೇಲೆ ಕೂದಲೆಳೆಯಷ್ಟು ತೆಳ್ಳಗಿನ ನಾಲ್ಕೈದು ಲೋಹದ ಗೆರೆ, ಪ್ರತಿಯೊಂದೂ ನಡುವೆ ಕತ್ತರಿಸಿದ್ದು. ಪೆನ್ಸಿಲ್ ಸೀಸದಲ್ಲಿ ಕರೆಂಟು ಹರಿಯುತ್ತದೆ. ಮಗಳ ಜಾಮಿಟ್ರಿ ಬಾಕ್ಸಿನಿಂದ ಪೆನ್ಸಿಲ್ ತೆಗೆದುಕೊಂಡು, ಮಸೂರ ಹಿಡಿದು, ತುಂಡಾದ ಗೆರೆಗಳನ್ನು ಜೋಡಿಸಿ ಗೀಚಿದರೆ ಬೀಗ ತೆರೆದುಕೊಳ್ಳುತ್ತಿತ್ತು. ಆಮೇಲೆ ದೊಡ್ಡ ಫ್ಯಾನ್ ಕಟ್ಟಿ ವೇಗ ಏರಿಸುವುದು. ಬಲ್ಲವರು ಅದನ್ನು ಓವರ್‌ಕ್ಲಾಕಿಂಗ್ ಎನ್ನುತ್ತಿದ್ದರು. ದಯಾನಂದ 'ಏರಿಸೋದು' ಎನ್ನುತ್ತಿದ್ದ. ಅವನು ಬೀಗ ತೆಗೆದ, ಬೀಗಿದ, ಬೀಗರನ್ನೂ ಮೆಚ್ಚಿಸಿದ.

ಒಂದೇ ಹೆಸರಿನ, ಒಂದೇ ಬೆಲೆಯ ಎರಡು ಚಿಪ್ಪಿನಲ್ಲಿ ಒಂದು ಹೇಳಿದಷ್ಟು ಏರುವುದೂ ಇನ್ನೊಂದು ಒಂದು ಮೆಟ್ಟಿಲಿಗೇ ಬಾಯಿಬಿಡುವುದೂ ಯಾಕೆಂದು ಅವನಿಗೆ ಬಹಳ ದಿನ ತಿಳಿದಿರಲಿಲ್ಲ. ತಿಳಿಸಿದವನು ಮೆಹಬೂಬ್. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಮರದ ಬೊಂಬೆ ತಿರುಗಿಸುತ್ತಿದ್ದವನು, ದಯಾನಂದನಿಗಿಂತ ಹತ್ತು ವರ್ಷ ದೊಡ್ಡವನು. ಕಂಪ್ಯೂಟರಿನ ಗಂಧಗಾಳಿ ಇಲ್ಲ.

"ಇದ್ರಲ್ಲೇನೈತೆ ದಯಾ ಜಾದೂ?" ಎಂದ ಮೆಹಬೂಬ್, ಬುಗುರಿಯ ಬೆನ್ನಿಗೆ ತಾಳೆಗರಿ ಒತ್ತಿ ಹೊಳಪು ಕೊಡುತ್ತ. "ಹೊಸ ಡಿಸೈನ್ ಬಂದಾಗ ನೂರು ಬುಗುರಿ ತಿರುಗ್ಸುದ್ರೆ ಮೂವತ್ತು ಫಸ್ಟು, ಮಿಕ್ಕಿದ್ದು ಸೆಕೆಂಡ್ಸು. ಆರು ತಿಂಗ್ಳಲ್ಲಿ ಕೈ ಕುದುರ್ತದೆ, ಉಳಿ ಕುದುರ್ತದೆ, ತೊಂಬತ್ತು ಫಸ್ಟೇ ಬತ್ತದೆ. ಆದ್ರೆ ಸೆಕೆಂಡ್ಸ್ ಕೇಳೋ ಗಿರಾಕಿ ಬಾಗ್ಲಲ್ಲೇ ನಿಂತವ್ನಲ್ಲ, ಅವ್ನಿಗೆ ಇಲ್ಲ ಅನ್ನಕಾಯ್ತದಾ? ಫಸ್ಟನ್ನೇ ಸೆಕೆಂಡ್ಸ್ ಚೀಲಕ್ಕೆ ಸುರೀತೀನಿ."

"ಅಂಗಾರೆ ಸೆಕೆಂಡ್ಸ್ ಚೀಲದಲ್ಲಿ ಫಸ್ಟ್ ಮಾಲು ಸಿಗ್ತದೆ ಅನ್ನು."

"ಲೇಟಾಗಿ ಬಂದೋನ್ಗೆ ಸಿಗ್ತದೆ. ಮೊದ್ಲೇ ಓಡ್ಬಂದೋನ್ಗೆ ಸೆಕೆಂಡ್ಸೇ!"

ಚಿಪ್ಪಿನ ಫ್ಯಾಕ್ಟರಿಯ ಕಥೆಯೂ ಅದೇ ಆಗಿತ್ತು. ಶುರುವಿನಲ್ಲಿ ಮಾಡಿದ್ದರಲ್ಲಿ ಒಳ್ಳೆಯವು ಕಡಿಮೆ, ಆದ್ದರಿಂದ ಮೇಲೆ ಬರೆದ ವೇಗವೇ ಅದರ ಯೋಗ್ಯತೆ. ಫ್ಯಾಕ್ಟರಿಯ ಕೈ ಪಳಗುತ್ತ ಹೋದಂತೆ, ಗೆರೆಗಳು ಇನ್ನೂ ಸಣ್ಣದಾಗುತ್ತ ಹೋದಂತೆ, ಹೆಚ್ಚುಕಡಿಮೆ ಎಲ್ಲ ಚಿಪ್ಪೂ ವೇಗದವೇ. ಆದರೆ ಅಗ್ಗದ್ದನ್ನು ಕೇಳುವವರಿದ್ದಾರಲ್ಲ, ಆದ್ದರಿಂದ ಓಡಬಲ್ಲವುಗಳ ಬೆನ್ನಿಗೂ ನಡೆಯುವವುಗಳ ಚೀಟಿ. ಅಂದಿನಿಂದ ದಯಾನಂದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ಚಿಪ್ಪಿನ ಹೆಸರು ಕೇಳುವುದು ಬಿಟ್ಟು, ಅದರ ಬೆನ್ನ ಮೇಲಿನ ಸಂಕೇತದಲ್ಲಿ ಯಾವ ವರ್ಷದ ಯಾವ ವಾರ ಹುಟ್ಟಿದ್ದೆಂದು ಓದತೊಡಗಿದ. ಹೆಸರು ಅದೇ ಇರಬೇಕು, ವಾರ ಮಾತ್ರ ಆದಷ್ಟು ಈಚಿನದಾಗಿರಬೇಕು. "ಚಿಪ್ ತಗೊಳ್ಳೋಕ್ ಬಂದಿದೀರೋ ಹೆಣ್ಣು ನೋಡೋಕ್ ಬಂದಿದೀರೋ? ಜಾತಕ ಕೇಳ್ತೀರಲ್ಲ!" ಎಂದು ಅಂಗಡಿಯವನು ಗೊಣಗುತ್ತಿದ್ದ. ಹೀಗೆ ಸೆಕೆಂಡ್ಸ್ ಮಾಲಿನಲ್ಲಿ ದಯಾನಂದ ಸೆಕೆಂಡುಗಳನ್ನು ಉಳಿಸುತ್ತಿದ್ದ.

ಮುಂದಿನ ತಳಿಯ ಚಿಪ್ಪಿನಲ್ಲಿ ಫ್ಯಾಕ್ಟರಿಯವರು ಆ ಗೆರೆಗಳ ನಡುವೆ ಸಣ್ಣ ಗುಳಿ ತೋಡಿದರು. ಪೆನ್ಸಿಲ್ಲು ಗುಳಿಗೆ ಬಿತ್ತು. ಆಗ ಮೆಹಬೂಬ್ ಬೊಂಬೆಗೆ ಹಾಕುವ ಅರಗನ್ನು ಸೂಜಿಯ ತುದಿಯಲ್ಲಿ ಕರಗಿಸಿ ಗುಳಿ ತುಂಬಿಕೊಟ್ಟ. ಅದರ ಮೇಲೆ ಬೆಳ್ಳಿಪುಡಿಯ ಬಣ್ಣದಲ್ಲಿ ಗೆರೆ ಎಳೆದು ದಯಾನಂದ ಮತ್ತೆ ಬೀಗ ತೆಗೆದ. ಬಿಸಿಯಾಗುವ ವಸ್ತುವಿಗೆ ಅರಗು ತುಂಬುವ ಧೈರ್ಯ ಚನ್ನಪಟ್ಟಣದವರಿಗಲ್ಲದೆ ಯಾರಿಗೆ ಬರುತ್ತದೆ? ಅದು ಕರಗಲೂ ಇಲ್ಲ. ಆ ಫ್ಯಾಕ್ಟರಿಯವರು ಇದನ್ನು ಕಂಡಿದ್ದರೆ ಅರಗಿಸಿಕೊಳ್ಳುತ್ತಿರಲಿಲ್ಲ.

ಎರಡು ಸಾವಿರದ ಮೂರರ ಕೊನೆಗೆ ಫ್ಯಾಕ್ಟರಿ ಎಷ್ಟು ಸುಧಾರಿಸಿತೆಂದರೆ, ಬೀಗವನ್ನೇ ಚಿಪ್ಪಿನ ಹೊಟ್ಟೆಯೊಳಗೆ ಇಟ್ಟುಬಿಟ್ಟಿತು. ಗೀಚಲು ಗೆರೆಯಿಲ್ಲ, ತುಂಬಲು ಗುಳಿಯಿಲ್ಲ. ಹಿಂದೆಂದೂ ಇಲ್ಲದಷ್ಟು ಓಡಬಲ್ಲ ಚಿಪ್ಪು, ಹಿಂದೆಂದೂ ಇಲ್ಲದಷ್ಟು ಬಿಗಿ ಬೀಗ. ದಯಾನಂದ ಅಂಥದೊಂದನ್ನು ಕೈಯಲ್ಲಿ ಹಿಡಿದು, ಬೆಣ್ಣೆ ಇಟ್ಟ ನೆಲುವಿನ ಕೆಳಗೆ ಕೂತ ಬೆಕ್ಕಿನ ಹಾಗೆ ಎರಡು ದಿನ ಕೂತ. ಉಳಿದದ್ದು ಒಂದೇ ದಾರಿ. ಚಿಪ್ಪನ್ನೊಂದನ್ನೇ ಓಡಿಸಲಾಗದಿದ್ದರೆ, ಅದು ಕೂತ ಮದರ್‌ಬೋರ್ಡಿನ ತಾಳವನ್ನೇ ಏರಿಸುವುದು. ಬೋರ್ಡು ಹಳೆಯದು. ತಾಳ ಏರಿದರೆ ಅದರ ಮೇಲಿದ್ದ ಪ್ರತಿಯೊಂದೂ ಏರಬೇಕು, ಮದುವೆಗಳನ್ನೆಲ್ಲ ತುಂಬಿಟ್ಟುಕೊಂಡ ಹಾರ್ಡ್ ಡಿಸ್ಕಿನ ದಾರಿ ಕೂಡ.

ಅವನು ಇದನ್ನು ಹೇಳಿದಾಗ ಮೆಹಬೂಬ್ ಕೆಲಸ ನಿಲ್ಲಿಸಿದ. ಶೆಡ್ಡಿನಲ್ಲಿ ಒಂದೇ ಮೋಟರು, ಉದ್ದಕ್ಕೆ ಒಂದೇ ಕಬ್ಬಿಣದ ದಂಡ, ಅದರಿಂದ ಬೆಲ್ಟು ಇಳಿದು ಆರು ಲೇತು. ಆರನೆಯ ಲೇತಿನಲ್ಲಿ ಮೆಹಬೂಬನ ಅಕ್ಕ ಫಿರೋಜಾ ತಿರುಗುವ ಗಿಲಕಿಗೆ ಬಣ್ಣದ ಅರಗು ಒತ್ತುತ್ತಿದ್ದಳು. ಮೂವತ್ತು ವರ್ಷ ಆ ಸದ್ದಿನಲ್ಲಿ ಕೂತು ಕಿವಿ ಪೂರ್ತಿ ಹೋಗಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದಳು.

"ನನ್ ಲೇತಿನ ಪುಲ್ಲಿ ಬದ್ಲಾಯ್ಸುದ್ರೆ ನನ್ ಲೇತೊಂದೇ ಜೋರಾಗ್ತದೆ," ಎಂದ ಮೆಹಬೂಬ್. "ಮೋಟ್ರನ್ನೇ ಜೋರ್ ಮಾಡುದ್ರೆ ಆರೂ ಓಡ್ತವೆ. ಅಲ್ನೋಡು, ಆರ್ನೇದ್ರಲ್ಲಿ ಅಕ್ಕ ಕೂತವ್ಳೆ. ಅವ್ಳ ಬೆಳ್ಳಿನ ಗತಿ?"

"ಒಸಿ ಏರುಸ್ತೀನಿ ಭಾಯ್. ಒಸಿ."

"ಅದು ನಿಂಗೆ ಒಸಿ. ಬೆಳ್ಳಿಗೆ?"

ತನ್ನ ಬೆರಳಿನ ಮಾತು ಬಂತೆಂದು ತುಟಿಯಲ್ಲೇ ಓದಿಕೊಂಡ ಫಿರೋಜಾ ದೂರದಿಂದಲೇ ಬೆರಳು ಎತ್ತಿ ತೋರಿಸಿ ನಕ್ಕಳು. ದಯಾನಂದನೂ ನಕ್ಕ. ಆಮೇಲೆ ಹೋಗಿ ಏರಿಸಿದ.

ಏರಿಸಿದ ಮೇಲೆ ಬಂದ ಮೊದಲ ದೊಡ್ಡ ಮದುವೆಯೇ ಬೈರಮಂಗಲದ ಕೃಷ್ಣಪ್ಪನವರ ಮಗಳು ರಮ್ಯಾಳದು. ಹುಡುಗ ಸೋಲೂರಿನವನು, ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಕೃಷ್ಣಪ್ಪನವರದು ಎರಡು ಹಸು, ಒಂದಿಷ್ಟು ರಾಗಿ ಹೊಲ. ಮಾತು ಬಹಳ ಕಡಿಮೆ. ಆಡುವ ಮಾತಿಗೂ ಡೈರಿಯವರು ಡಿಗ್ರಿ ನೋಡುತ್ತಾರೇನೋ ಎಂಬಂತೆ, ನೀರು ಬೆರೆಸದೆ ಅಳೆದು ಆಡುತ್ತಿದ್ದರು. ಧಾರೆಯಾದ ಮೇಲೆ, ಗಟ್ಟಿಮೇಳ ಇನ್ನೂ ಮೊರೆಯುತ್ತಿರುವಾಗಲೇ, ಅವರು ಮಗಳ ಒದ್ದೆ ಕೈ ಹಿಡಿದುಕೊಂಡು ಏನೋ ಹೇಳಿದರು. ಚುಟುಕಾಗಿ ಅಲ್ಲ, ಅವರ ಲೆಕ್ಕಕ್ಕೆ ಭಾಷಣವೇ, ನಾಲ್ಕೈದು ಮಾತು. ಜಯಕುಮಾರನ ಕ್ಯಾಮರಾ ಎರಡೇ ಅಡಿ ದೂರದಲ್ಲಿತ್ತು. ರಮ್ಯಾಳಿಗೆ ಕೇಳಿಸಲಿಲ್ಲ. ನಗುತ್ತ, "ಆಮೇಲ್ ಹೇಳಪ್ಪೋ!" ಎಂದಳು. ಕೃಷ್ಣಪ್ಪನವರು ಆಗಲಿ ಎಂಬಂತೆ ತಲೆಯಾಡಿಸಿದರು.

ದಯಾನಂದನ ಕಂಪ್ಯೂಟರು ಆ ಸಲ ಹಾರಿತು. ಹಿಂದಿನ ಚಿಪ್ಪಿನಲ್ಲಿ ಒಂದು ಸಲಕ್ಕೆ ಆರು ಗುಲಾಬಿ ಉದುರಿಸಲು ಏದುಸಿರು ಬರುತ್ತಿತ್ತು. ಇದರಲ್ಲಿ ಇಪ್ಪತ್ನಾಲ್ಕು ಉದುರಿಸಿದರೂ ಬೆವರಲಿಲ್ಲ. ಗಿರಾಕಿ ಕೇಳಿದ್ದು ಸಾದಾ ಸೀಡಿ. ದಯಾನಂದ ಖುಷಿಗೆ ಇಪ್ಪತ್ನಾಲ್ಕೂ ಹಾಕಿದ. ಮೂರನೆಯ ದಿನ ಬೀಗರೂಟದಲ್ಲಿ ಸೀಡಿ ಓಡಿದಾಗ ಸೋಲೂರಿನ ಬೀಗರು ಮೂಳೆ ಕೈಯಲ್ಲಿ ಹಿಡಿದೇ ನೋಡುತ್ತ ಕೂತರು. ಕೃಷ್ಣಪ್ಪನವರು ಬಡಿಸುವ ಗಡಿಬಿಡಿಯಲ್ಲಿ ಟಿವಿಯ ಕಡೆ ತಿರುಗಲೇ ಇಲ್ಲ. ಮಗಳ ಜೊತೆ ಮಾತಾಡಲೂ ಪುರುಸೊತ್ತಾಗಲಿಲ್ಲ.

ಆರು ದಿನ ಕಳೆದ ಮೇಲೆ, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಕೃಷ್ಣಪ್ಪನವರು ಜಗುಲಿಯ ಮೇಲೆ ಕೂತರು. ಮತ್ತೆ ಏಳಲಿಲ್ಲ.

ಅವರು ಹೋದ ನಾಲ್ಕನೆಯ ದಿನ ರಮ್ಯಾ ಅಂಗಡಿಗೆ ಬಂದಳು. ಗಂಡ ಹೊರಗೆ ಬೈಕಿನ ಹತ್ತಿರ ನಿಂತಿದ್ದ. ಕೊರಳಿನ ಅರಿಶಿನದ ದಾರ ಇನ್ನೂ ಹೊಸದಾಗಿತ್ತು.

"ಅಣ್ಣಾ, ಸೀಡೀಲಿ ಅಪ್ಪ ಬಾಯಾಡಿಸ್ತಾರೆ. ಹಾಡು ಬತ್ತದೆ. ಆ ಹಾಡು ತೆಗ್ದು ಅಪ್ಪನ್ ಮಾತು ಹಾಕ್ಕೊಡ್ತೀರಾ? ಏನೋ ಹೇಳುದ್ರು ಅಣ್ಣಾ. ಆಮೇಲ್ ಹೇಳಪ್ಪ ಅಂದ್ಬುಟ್ಟೆ."

ಸೀಡಿಯಲ್ಲಿ ಆ ಮಾತು ಇರಲಿಲ್ಲ. ಅದನ್ನು ಅಳಿಸಿಯೇ ಹಾಡು ತುಂಬಿದ್ದು. ಆದರೆ ಟೇಪಿನಿಂದ ಇಳಿಸಿದ ಒರಿಜಿನಲ್ಲು ಡಿಸ್ಕಿನಲ್ಲಿತ್ತು. "ನನ್ನತ್ರ ಐತಮ್ಮ ಒರಿಜಿನಲ್ಲು. ಅದೇನ್ ದೊಡ್ ಕೆಲ್ಸ?"

"ತಿಥಿ ಒಳಗೆ ಸಿಗ್ತದಾ? ಹನ್ನೊಂದನೇ ದಿನಕ್ಕೆ ಎಲ್ರೂ ಬತ್ತಾರೆ. ಅವ್ವನೂ ಕೇಳ್ಬೇಕು ಅಂತಾವ್ಳೆ."

"ಬೀಗರೂಟದೊಳಗೆ ಕೊಟ್ಟೋನು ತಿಥಿಯೊಳಗೆ ಕೊಡಲ್ವಾ?" ಎಂದುಬಿಟ್ಟ ದಯಾನಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ರಮ್ಯಾ ಮಾತ್ರ ಆ ಮಾತನ್ನು ಎರಡು ಕೈಯಲ್ಲಿ ಇಸಿದುಕೊಂಡವಳ ಹಾಗೆ ತಲೆಬಾಗಿ ಹೋದಳು.

ಅವಳು ಹೋದ ಕೂಡಲೇ ಅವನು ಡಿಸ್ಕು ತೆರೆದ. ಧಾರೆಯ ತುಣುಕು ಹೆಸರಿನ ಸಮೇತ ಇತ್ತು. ಒತ್ತಿದ. ಕೃಷ್ಣಪ್ಪನವರ ಪೇಟ ಬಂತು, ಹಣೆ ಬಂತು, ಮೂಗಿನವರೆಗೆ ಮುಖ ಬಂತು. ಮೂಗಿನ ಕೆಳಗೆ ಹಸಿರು ಚೌಕಗಳು. ಕರ್ರೆಂದು ಒಂದು ಸದ್ದು, ಆಮೇಲೆ ಅದೂ ಇಲ್ಲ.

ಮತ್ತೆ ಒತ್ತಿದ. ಮತ್ತೆ ಪೇಟ, ಹಣೆ, ಮೂಗು, ಹಸಿರು.

ಈಚೆಗೆ ಡಿಸ್ಕು ಒಂದೆರಡು ಸಲ ಸೂಚನೆ ಕೊಟ್ಟಿತ್ತು. ಒಂದು ಹಾಡು ತೆರೆಯಲಿಲ್ಲ, ಬೆಳಿಗ್ಗೆ ಕಂಪ್ಯೂಟರು ಎದ್ದಾಗ ನೀಲಿ ತೆರೆಯಲ್ಲಿ ಏನನ್ನೋ ರಿಪೇರಿ ಮಾಡಿದ್ದಾಗಿ ಬರೆಯಿತು. ರಿಪೇರಿ ಆಯಿತಲ್ಲ ಎಂದು ಇವನು ಕಾಫಿಗೆ ಹೋಗಿದ್ದ. ಈಗ ವೇಗವನ್ನೆಲ್ಲ ಇಳಿಸಿದ, ಚೀಟಿಯಲ್ಲಿ ಬರೆದಷ್ಟಕ್ಕೆ, ಅದಕ್ಕಿಂತ ಕೆಳಕ್ಕೆ, ಕಂಪ್ಯೂಟರು ತೆವಳುವಷ್ಟು ಕೆಳಕ್ಕೆ. ಮೂಗಿನ ಕೆಳಗೆ ಹಸಿರೇ. ಸಂಜೆಯವರೆಗೆ ಒಂದೊಂದು ತುಣುಕನ್ನೂ ತೆರೆದು ನೋಡಿದ. ಅಡುಗೆಯವರು ಸರಿಯಾಗಿದ್ದರು. ವಾದ್ಯದವರು ಸರಿಯಾಗಿದ್ದರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಲು ಸೊಗಸಾಗಿ ಉಳಿದಿತ್ತು.

ಟೇಪಿತ್ತಲ್ಲ! ಜಯಕುಮಾರನ ಮನೆಗೆ ಓಡಿದ.

"ಲೇ ಜಯಾ, ಬೈರಮಂಗಲದ ಟೇಪೆಲ್ಲೈತ್ಲಾ?"

"ಕೃಷ್ಣಪ್ಪೋರ್ದಾ? ಅದ್ರ ಮೇಲೆ ಮಾಗಡಿ ಮದ್ವೆ ಹೊಡ್ದಾಯ್ತಲ್ಲ."

"ಹೊಡ್ದಾಯ್ತಾ?"

"ಟೇಪ್ ಅಂದ್ರೆ ಬಾಳೆಲೆ ಅಲ್ಲ ಕಣ್ಲಾ ಉಂಡು ಎಸೆಯಾಕೆ, ತಟ್ಟೆ, ತೊಳ್ದು ಬಡಿಸ್ತಾ ಇರ್ಬೇಕು ಅಂ‌ದೋನು ಯಾರು? ನೀನೇ ತಾನೆ?"

ಆದರೂ ಹಾಕಿ ನೋಡಿದರು. ಕೃಷ್ಣಪ್ಪನವರು ಮಗಳ ಕೈ ಹಿಡಿದಿದ್ದ ಜಾಗದಲ್ಲಿ ಯಾರೋ ದಪ್ಪ ಮನುಷ್ಯ ಹೋಳಿಗೆ ಮುರಿಯುತ್ತಿದ್ದ. ಅವನು ತುಪ್ಪ ಕೇಳಿದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಮರುದಿನ ದಯಾನಂದ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿನ ರೈಲು ಹತ್ತಿದ. ಎಸ್.ಪಿ. ರಸ್ತೆಯ ಮಹಡಿಯೊಂದರಲ್ಲಿ ಕಳೆದ ಫೈಲು ಹುಡುಕಿಕೊಡುವವನಿದ್ದ. ಅರ್ಧ ದಿನ ನೋಡಿ ಅವನು ಕನ್ನಡಕ ತೆಗೆದ. "ಡಿಸ್ಕು ಕೆಟ್ಟಿಲ್ಲ ಸಾರ್. ಕೆಟ್ಟಿದ್ರೆ ರಿಪೇರಿ ಮಾಡ್ಬಹುದಿತ್ತು. ಸ್ಪೀಡಲ್ಲಿ ಬೇರೇದನ್ನ ತಂದು ಇದರ ಮೇಲೇ ಬರೆದುಬಿಟ್ಟಿದೆ. ಅಳಿಸಿದ್ದನ್ನ ಓದ್ಬಹುದು, ಬರೆದಿದ್ದನ್ನ ಬರೆದಿಲ್ಲ ಅಂತ ಹೇಗೆ ಓದೋದು?"

ರೈಲಿನಲ್ಲಿ ವಾಪಸ್ ಬರುವಾಗಲೂ ಡಿಸ್ಕು ದಯಾನಂದನ ತೊಡೆಯ ಮೇಲೇ ಇತ್ತು. ಬಿಡದಿಯಲ್ಲಿ ಫ್ಯಾಕ್ಟರಿಯ ಪಾಳಿ ಮುಗಿಸಿದವರು ನೂಕಾಡಿಕೊಂಡು ಹತ್ತಿದರು. ಎಲ್ಲರ ಬೆನ್ನಿಗೂ ಒಂದೊಂದು ಚೀಟಿ, ಎಲ್ಲರ ಮುಖದಲ್ಲೂ ಅದಕ್ಕಿಂತ ಹೆಚ್ಚು ಓಡಿ ಬಂದ ಸುಸ್ತು. ಅವರಲ್ಲಿ ರಮ್ಯಾಳ ಗಂಡನಿದ್ದಾನೇನೋ ಎಂದು ಇವನು ಟವೆಲನ್ನು ಇನ್ನಷ್ಟು ಮುಚ್ಚಿಕೊಂಡ. ಇಪ್ಪತ್ನಾಲ್ಕು ಹೂವು ಯಾರು ಕೇಳಿದ್ದರು? ಆರೇ ಸಾಕಾಗಿತ್ತು. ಹೂವೇ ಇಲ್ಲದಿದ್ದರೂ ಅವಳ ಮದುವೆ ಆಗುತ್ತಿತ್ತು. ಐದನೆಯ ದಿನಕ್ಕೆ ಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಓಡಬಲ್ಲದ್ದನ್ನು ಓಡಿಸದೆ ಬಿಡುವುದು ಅವನಿಂದ ಆಗಿರಲಿಲ್ಲ, ಅಷ್ಟೇ.

ಜಯಕುಮಾರ್ ಸ್ಟೇಷನ್ನಿಗೇ ಬಂದಿದ್ದ. ಸಿಕ್ಕಲಿಲ್ಲವೆಂದು ಮುಖದಲ್ಲೇ ತಿಳಿದು, "'ಚೆನ್ನಾಗ್ ಬಾಳವ್ವ' ಅಂದ್ರಂತೆ ಅಂತ ಹೇಳ್ಬುಡ್ಲಾ," ಎಂದ. "ಯಾವಪ್ಪ ಇನ್ನೇನ್ ಹೇಳ್ತಾನೆ? ಬೇಕಾರೆ ನಾನೇ ಗಂಟ್ಲು ಒರಟು ಮಾಡ್ಕಂಡು ಹೇಳ್ತೀನಿ, ರೆಕಾರ್ಡ್ ಮಾಡ್ಕೊ. ಹಿಂದ್ಗಡೆ ಗಟ್ಟಿಮೇಳ ಹಾಕು. ಯಾರ್ಗ್ ಗೊತ್ತಾಯ್ತದೆ?"

ಅದನ್ನು ಬೈಯಬೇಕಾಗಿತ್ತು. ದಯಾನಂದ ಬೈಯಲಿಲ್ಲ. ಅಂಗಡಿಗೆ ಬಂದು ಮೈಕು ಕೂಡ ತೆಗೆದಿಟ್ಟ. ಅಷ್ಟರಲ್ಲಿ ಫೋನು ಬಂತು. ರಮ್ಯಾ.

"ಸಿಕ್ತಾ ಅಣ್ಣಾ?"

"ಅಮ್ಮಾ... ಅಪ್ಪ 'ಚೆನ್ನಾಗ್ ಬಾಳು' ಅಂತ ಏನಾರ..."

"ಇಲ್ಲಣ್ಣ. ಅದ್ನ ಎಲ್ರೂ ಹೇಳುದ್ರು. ಪುರೋಹಿತ್ರೂ ಹೇಳುದ್ರು, ಲೈಟಿನೋರೂ ಹೇಳುದ್ರು. ಎಲ್ರೂ ಹೇಳೋದ್ನ ಅಪ್ಪ ಯಾವತ್ತೂ ಹೇಳ್ದೋರಲ್ಲ. ಬೇರೇನೋ ಅಂದ್ರು."

ದಯಾನಂದ ಮೈಕನ್ನು ಡ್ರಾಯರಿಗೆ ಹಾಕಿದ. ನಿಜ ಹೇಳಿದ. ಫೋನಿನ ಆ ತುದಿಯಲ್ಲಿ ಹಸು ಕೂಗಿತು. ಕೊನೆಗೆ ಅವಳು, "ಬಾಯಂತೂ ಕಾಣ್ತದಲ್ಲ ಅಣ್ಣಾ?" ಎಂದಳು.

ಬಾಯಿ ಕಾಣುತ್ತದೆ! ದಯಾನಂದ ಎದ್ದು ಹಿಂದಿನ ಶೆಡ್ಡಿಗೆ ಓಡಿದ.

ಸೂತಕದ ಮನೆಯಿಂದ ರಮ್ಯಾ ಮತ್ತೆ ಬರಲಾದ ಹತ್ತನೆಯ ದಿನ ಮಧ್ಯಾಹ್ನ ಮೆಹಬೂಬ್ ಮೋಟರು ನಿಲ್ಲಿಸಿದ. ಆರು ಲೇತೂ ಸುಮ್ಮನಾದವು. ಬಣ್ಣದ ಗಿಲಕಿಗಳ ನಡುವೆ ಟಿವಿ ಇಟ್ಟು ಬೀಗರೂಟದಲ್ಲಿ ಓಡಿದ್ದ ಸೀಡಿ ಹಾಕಿದರು. ರಮ್ಯಾ ನೆಲದ ಮೇಲೆ, ಮರದ ಹೊಟ್ಟಿನಲ್ಲಿ ಕೂತಿದ್ದಳು. ಫಿರೋಜಾ ಕನ್ನಡಕ ಒರೆಸಿ ಹತ್ತಿರ ಬಂದಳು. ಹಾಡು ಮೊಳಗಿತು. ಅವಳಿಗೊಬ್ಬಳಿಗೆ ಅದರ ಕಾಟವಿರಲಿಲ್ಲ.

"ಅಲ್ಲಿ! ನಿಲ್ಸು," ಎಂದಳು, ಕಿವಿ ಕೇಳದವರ ದೊಡ್ಡ ದನಿಯಲ್ಲಿ. "ಮಗಾ ಅಂದ್ರು."

ರಮ್ಯಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಆಮೇಲೆ?" ಎಂದ ದಯಾನಂದ, ಫಿರೋಜಾಳಿಗೆ ಕಾಣುವಂತೆ ಬಾಯಿ ಅಗಲಿಸಿ.

"ಆಮೇಲೆ ಹೂವು."

ಹಿಂದಕ್ಕೆ ಹಾಕಿದ. ಕೃಷ್ಣಪ್ಪನವರು ಮತ್ತೆ ಬಾಯಿ ತೆರೆದರು. ಮೇಲಿನಿಂದ ಒಂದು ಗುಲಾಬಿ ತಿರುಗುತ್ತ ಇಳಿದು ಅವರ ತುಟಿಯ ಮೇಲೆ ಹಾದುಹೋಯಿತು. ಅದು ದಾಟುವಷ್ಟರಲ್ಲಿ ಅದರ ಹಿಂದೆಯೇ ಇನ್ನೊಂದು. ಅವೆರಡರ ಸಂದಿಯಲ್ಲಿ ತುಟಿ ಒಂದು ಸಲ ಅಲುಗಿದ್ದು ಕಂಡಿತು, ಅಷ್ಟರಲ್ಲಿ ಮೂರನೆಯದು. ಆರು ಹೂವಾಗಿದ್ದರೆ ಒಂದು ಅಡ್ಡ ಬರುತ್ತಿತ್ತೋ ಇಲ್ಲವೋ. ಇಪ್ಪತ್ನಾಲ್ಕು.

"ಇನ್ನೊಂದ್ ಸಲ," ಎಂದಳು ಫಿರೋಜಾ. ಹನ್ನೊಂದು ಸಲ ನೋಡಿದಳು. ಹನ್ನೊಂದು ಸಲವೂ ಹೂವು ಹೊತ್ತಿಗೆ ಸರಿಯಾಗಿ ಉದುರಿತು.

"ಕೊನೇಲಿ ತುಟಿ ಮುಚ್ಚಿ ತೆಗೆದ್ರು. ಬಾ ಇರ್ಬಹುದು. ಆದ್ರೆ ಬಾ, ಮಾ, ಪಾ, ಮೂರೂ ತುಟಿ ಮೇಲೆ ಒಂದೇ ಬೇಟಾ. ಮೊದ್ಲನೇದೂ ಅಂಗೇ. ಬಾಪ್ ಮಗಳಿಗೆ ಹೇಳೋದಲ್ವಾ, ಮಗಾ ಅಂತ ನಾನೇ ಅಂದ್ಕಂಡೆ. ಅಲ್ಲಾ ಕಸಮ್, ಗೊತ್ತಿಲ್ದೆ ಗೊತ್ತು ಅನ್ನಲ್ಲ ನಾನು."

"'ಬಾ' ಅಂದ್ರೆ... ಯಾವಾಗ್ ಬಾ ಅಂತ?" ಎಂದಳು ರಮ್ಯಾ. ಕೇಳಿದ್ದು ಟಿವಿಯನ್ನು.

ಫಿರೋಜಾ ದಯಾನಂದನ ಕಡೆ ತಿರುಗಿದಳು. ಬೈಯಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವವಳ ಹಾಗೆ ಕೇಳಿದಳು: "ಹೂವು ಯಾಕ್ ಹಾಕ್ದೆ ದಯಾ? ಆ ಮನ್ಷಾನ ಮುಖ ಚೆನ್ನಾಗೇ ಇತ್ತಲ್ಲ?"

ದಯಾನಂದ ಗೋಡೆಗೆ ಒರಗಿ ಕೂತುಬಿಟ್ಟ. ಇಷ್ಟು ವರ್ಷ ಚಿಪ್ಪು ಚಿಪ್ಪು ಎಂದು ಓಡಾಡಿದವನ ಕೈಗೆ ಕೊನೆಗೆ ಬಂದದ್ದೂ ಚಿಪ್ಪೇ. ಅದು ಕೂಡ ಅವನದೇ ಕೈಗೆ ಬಂದಿದ್ದರೆ ನಗಬಹುದಿತ್ತು. ಅವಳ ಕೈಗೆ ಬಂತು.

ಹೊರಡುವಾಗ ರಮ್ಯಾ ಬಟ್ಟೆಯ ಮೇಲಿನ ಹೊಟ್ಟು ಕೊಡವಿಕೊಂಡು, "ಹಾಡ್ ಮಾತ್ರ ತೆಗ್ದು ಕೊಡಿ ಅಣ್ಣಾ," ಎಂದಳು. "ಮಾತಿಲ್ದಿದ್ರೂ ಪರ್ವಾಗಿಲ್ಲ. ಅಪ್ಪ ಬಾಯಾಡಿಸುವಾಗ ಆ ಹಾಡು ಬ್ಯಾಡ."

ಆ ಕೆಲಸವನ್ನು ದಯಾನಂದ ಚೀಟಿಯಲ್ಲಿ ಬರೆದ ವೇಗದಲ್ಲೇ ಮಾಡಿದ. ನಿಧಾನಕ್ಕೆ ಆಯಿತು. ಅವನು ಕುರ್ಚಿಯಿಂದ ಏಳದೆ, ಶೇಕಡಾ ಲೆಕ್ಕ ಒಂದೊಂದೇ ಏರುವುದನ್ನು ನೋಡುತ್ತ ಕೂತ.

ಹನ್ನೊಂದನೆಯ ದಿನ ತಾನೇ ಬೈರಮಂಗಲಕ್ಕೆ ಒಯ್ದ. ಪೂಜೆ ಮುಗಿದ ಮೇಲೆ ನಡುಮನೆಯಲ್ಲಿ ಟಿವಿ ಹಾಕಿದರು. ಸದ್ದಿಲ್ಲದ ಮದುವೆ. ವಾದ್ಯದವರು ಸದ್ದಿಲ್ಲದೆ ಬಾರಿಸಿದರು, ಪುರೋಹಿತರು ಸದ್ದಿಲ್ಲದೆ ಮಂತ್ರ ಹೇಳಿದರು. ನೆಂಟರೆಲ್ಲ ತಾವೂ ಮಾತು ನಿಲ್ಲಿಸಿ ಕೂತರು. ಕೃಷ್ಣಪ್ಪನವರ ಹೆಂಡತಿ ಕಾವೇರಮ್ಮ ಕಂಬಕ್ಕೆ ಒರಗಿ, ಎಲ್ಲರಿಗಿಂತ ಹಿಂದೆ ಇದ್ದರು. ಧಾರೆ ಬಂತು. ಕೃಷ್ಣಪ್ಪನವರು ಮಗಳ ಕೈ ಹಿಡಿದರು, ಬಾಯಿ ತೆರೆದರು, ಹೂವು ಉದುರಿತು, ತುಟಿ ಮುಚ್ಚಿ ತೆರೆಯಿತು.

"ಹೂಂ," ಎಂದರು ಕಾವೇರಮ್ಮ, ಹಿಂದಿನಿಂದ.

ರಮ್ಯಾ ಗಕ್ಕನೆ ತಿರುಗಿದಳು. "ಅವ್ವಾ! ಗೊತ್ತಾಯ್ತಾ? ಏನಂದ್ರವ್ವಾ ಅಪ್ಪ?"

ಕಾವೇರಮ್ಮ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಅದರಲ್ಲಿ ಆಗಲೇ ಬೇರೆ ಯಾರೋ ಅಕ್ಷತೆ ಹಾಕುತ್ತಿದ್ದರು.

"ನಂಗೇನವ್ವ ಗೊತ್ತು? ಅವ್ರು ಬಾಯಿ ತೆಗುದ್ರೆ ಹೂಂ ಅನ್ನೋದು ಅಭ್ಯಾಸ."